ನಲವತ್ತು ಕುರ್ಚಿಗಳ ಮದುವೆ

ಕಡಲ ತಡಿಯಲ್ಲಿ ಮದುವೆಯಾಗುವ ಆಸೆ ಈಗ ನಮ್ಮ ಕರಾವಳಿಯ ಯುವಜನರಲ್ಲೂ ಕಾಣುತ್ತಿದೆ. ಮರಳ ಮೇಲೆ ನಾಲ್ಕು ಕಂಬ, ಗಾಳಿಗೆ ಹಾರುವ ಬಿಳಿ ಪರದೆ, ನಲವತ್ತು ಕುರ್ಚಿ, ಸಂಜೆಯ ಬೆಳಕು. ಸಾವಿರಾರು ಜನ ಸೇರುವ ಹಾಲ್‌ಗಳಲ್ಲಿ ಬಿರಿಯಾನಿಯ ತಟ್ಟೆಗಾಗಿ ಇನ್ನೊಬ್ಬರ ಕುರ್ಚಿಯ ಹಿಂದೆ ಕಾದು ನಿಂತವರಿಗೆ, ವಧೂವರರನ್ನು ಟಿವಿ ಪರದೆಯಲ್ಲಷ್ಟೇ ಕಂಡು ಬಂದವರಿಗೆ ಇದು ಹಿಡಿಸದೆ ಇದ್ದೀತೇ? ನನಗೂ ಹಿಡಿಸುತ್ತದೆ. ಹೆಣ್ಣಿನ ಒಪ್ಪಿಗೆ ಒಳಕೋಣೆಯಿಂದ ಸಾಕ್ಷಿಗಳ ಬಾಯಲ್ಲಿ ಹೊರಗೆ ಬರುವುದನ್ನೇ ನೋಡುತ್ತ ಬೆಳೆದವನು ನಾನು. ಆಕೆಯ ‘ಕಬೂಲ್’ ಬಂದವರೆಲ್ಲರ ಕಿವಿಗೆ ಬೀಳುವಷ್ಟು ಚಿಕ್ಕ ಸಭೆಗೆ ಒಂದು ಘನತೆ ಇದೆ.

ಆದರೆ ‘ಚಿಕ್ಕದು’ ಮತ್ತು ‘ಸರಳ’ ಎಂಬ ಎರಡು ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸತೊಡಗಿದ್ದೇವೆ. ಉರ್ದುವಿನಲ್ಲಿ ‘ಸಾದಗಿ’ ಎಂದರೆ ಸಂಖ್ಯೆಯಲ್ಲ, ಸ್ವಭಾವ. ನಲವತ್ತು ಜನರಿಗಾಗಿ ಇಡೀ ರೆಸಾರ್ಟ್ ಹಿಡಿದು, ದೂರದ ಊರಿನಿಂದ ಹೂವು ತರಿಸಿ, ಆಕಾಶದಲ್ಲಿ ಡ್ರೋನ್ ಹಾರಿಸಿದರೆ ಆ ಮದುವೆ ಚಿಕ್ಕದಾಗಬಹುದು, ಸರಳ ಹೇಗಾದೀತು?

ನಿಕಾಹ್‌ಗೆ ಬೇಕಾದುದು ತೀರ ಕಡಿಮೆ. ಒಪ್ಪಿಗೆ, ವಲಿ, ಇಬ್ಬರು ಸಾಕ್ಷಿಗಳು, ಮೆಹರ್. ಸೂರು ಕೂಡ ಬೇಕೆಂದಿಲ್ಲ. ಮದೀನಾದಲ್ಲಿ ಹಜರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮೇಲೆ ಸುಗಂಧದ ಹಳದಿ ಕಲೆ ಕಂಡು ಪ್ರವಾದಿ(ಸ)ಯವರು ವಿಚಾರಿಸಿದಾಗಲೇ ಅವರಿಗೆ ಮದುವೆಯಾದ ಸುದ್ದಿ ತಿಳಿದದ್ದು. ಮೆಹರ್ ಎಷ್ಟೆಂದರೆ ಖರ್ಜೂರದ ಬೀಜದ ತೂಕದ ಚಿನ್ನ. ನನ್ನನ್ನೇಕೆ ಕರೆಯಲಿಲ್ಲ ಎಂಬ ಮಾತೇ ಅಲ್ಲಿ ಬರುವುದಿಲ್ಲ. ಒಂದು ಆಡನ್ನಾದರೂ ಕೊಯ್ದು ವಲೀಮಾ ಮಾಡು ಎಂಬ ಸಲಹೆ ಬರುತ್ತದೆ. (ನಮ್ಮಲ್ಲಿ ಸೋದರಮಾವನ ಭಾವನಿಗೆ ಕಾರ್ಡು ತಲುಪದಿದ್ದರೆ ಹತ್ತು ವರ್ಷ ಮಾತುಕತೆ ನಿಲ್ಲುತ್ತದೆ.) ಹಾಗೆಂದು ಕತೆ ಇಲ್ಲಿಗೇ ಮುಗಿಯುವುದಿಲ್ಲ. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟದ್ದು ಎಂದು ಎಚ್ಚರಿಸಿರುವುದೂ ಅದೇ ಪರಂಪರೆ. ಜನ ಕಡಿಮೆಯಾಗಲಿ, ಅಡ್ಡಿಯಿಲ್ಲ. ಯಾವ ಜರಡಿಯಿಂದ ಸೋಸಿ ಕಡಿಮೆ ಮಾಡಿದೆವು ಎಂಬುದೇ ಪ್ರಶ್ನೆ.

1966ರಲ್ಲಿ ತೇಜಸ್ವಿಯವರ ಮದುವೆ ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಯಿತು. ಕುವೆಂಪು ಅಲ್ಲಿ ಕಡಿಮೆ ಮಾಡಿದ್ದು ಬರೀ ಜನರನ್ನಲ್ಲ. ಪೌರೋಹಿತ್ಯವನ್ನು, ಆಡಂಬರವನ್ನು, ವರದಕ್ಷಿಣೆಯನ್ನು. ಬಡವನೂ ಅನುಕರಿಸಬಹುದಾದ ಮದುವೆ ಅದು. ರೆಸಾರ್ಟಿನ ಮದುವೆಯನ್ನು ಬಡವ ಅನುಕರಿಸಲು ಹೋದರೆ ಸಾಲಗಾರನಾಗುತ್ತಾನೆ.

2020ರ ಕೊರೊನಾ ಕಾಲದಲ್ಲಿ ಸರಕಾರವೇ ಮದುವೆಗೆ ಐವತ್ತು ಜನರ ಮಿತಿ ಹಾಕಿತ್ತು. ಹೆಣ್ಣು ಹೆತ್ತ ಎಷ್ಟೋ ತಂದೆಯಂದಿರು ಆಗ ನಿಟ್ಟುಸಿರು ಬಿಟ್ಟರು. ಆದರೆ ಹಾಲ್‌ನ ಖರ್ಚು ಉಳಿಯಿತಲ್ಲ, ಅದನ್ನು ಚಿನ್ನಕ್ಕೆ ಸೇರಿಸಿ ಎನ್ನುವ ಬೀಗರೂ ಇದ್ದರು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಅವರಿಗೆ ನೆನಪಿರಲಿಲ್ಲ, ನೆನಪಿಸುವವರೂ ಇರಲಿಲ್ಲ. ನಿರ್ಬಂಧ ತೆರವಾದದ್ದೇ ತಡ, ಹಾಲ್‌ಗಳು ಮತ್ತೆ ತುಂಬಿದವು.

ಇನ್ನು ಆ ಮರಳು. ಅದು ಖಾಲಿ ಜಾಗವಲ್ಲ. ಕೈರಂಪಣಿ ಬಲೆ ಎಳೆಯುವವರು, ಒಣಮೀನು ಹರಡುವ ಹೆಂಗಸರು, ಜೂನ್-ಜುಲೈಯ ನಿಷೇಧದ ದಿನಗಳಲ್ಲಿ ಬಲೆ ಹೆಣೆಯುತ್ತ ಕೂರುವವರು ದುಡಿಯುವ ಜಾಗ. ಮದುವೆಗೆ ಕಡಲು ಬೇಕು, ಮೀನಿನ ವಾಸನೆ ಬೇಡ ಎಂದರೆ ಹೇಗೆ? ಅವರ ಸಂಜೆಯನ್ನು ಎರವಲು ಪಡೆದವರು ಅವರಿಗೊಂದು ತಟ್ಟೆ ಊಟ ಕೊಟ್ಟರೆ ಅದು ಔದಾರ್ಯವಲ್ಲ, ಬಾಡಿಗೆ.

‘ಶಾದಿ’ ಎಂಬ ಪಾರ್ಸಿ ಪದಕ್ಕೆ ಮೂಲದಲ್ಲಿ ಸಂತೋಷ ಎಂದೇ ಅರ್ಥ. ಹಳೆಯ ದೊಡ್ಡ ಮದುವೆಗಳಲ್ಲಿ ಗದ್ದಲ, ದುಂದು, ಜಗಳ ಎಲ್ಲವೂ ಇದ್ದವು. ಆದರೆ ಅಲ್ಲಿ ನೆರೆಮನೆಯ ಬೀಡಿ ಕಟ್ಟುವ ಮುದುಕಿಗೆ ಯಾರೂ ಕಾರ್ಡು ಕೊಡಬೇಕಾಗಿರಲಿಲ್ಲ. ಅವಳು ಬೆಳಿಗ್ಗೆಯೇ ಬಂದು ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು. ಮದುಮಗಳನ್ನು ಎಳವೆಯಲ್ಲಿ ಎತ್ತಿ ಆಡಿಸಿದ ಅವಳ ಹೆಸರನ್ನೇ ನಲವತ್ತರ ಪಟ್ಟಿಯಿಂದ ಮೊದಲು ಹೊಡೆದುಹಾಕುತ್ತಾರೆ. ಆ ಕುರ್ಚಿಯಲ್ಲಿ ಗಂಡಿನ ಕಂಪೆನಿಯ ಮ್ಯಾನೇಜರು ಕೂರುತ್ತಾನೆ. ಆತ ಮದುಮಗಳನ್ನು ಅಂದೇ ಮೊದಲ ಬಾರಿಗೆ ನೋಡುತ್ತಿರುತ್ತಾನೆ.