ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಾದಾಗ



'ನಾ ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಕಣ್ಣೆದುರಿಗೆ ನಾಲ್ಕು ಕಾಲು ಕಾಣುತ್ತಿದ್ದರೂ ತನ್ನ ಮಾತೇ ನಡೆಯಬೇಕೆನ್ನುವ ಹಟಮಾರಿಗೆ ಈ ಮಾತು ಸಲ್ಲುತ್ತದೆ. ನಮ್ಮ ಮನೆಯಲ್ಲಿ ಒಂದು ಮೊಲವಿದೆ. ಅದಕ್ಕೆ ನಿಜವಾಗಿಯೂ ಮೂರೇ ಕಾಲು. ಅದು ಹಾಗಾಗುವ ಮುಂಚಿನ ಒಂದು ರಾತ್ರಿ ನಾವು ಮನೆಮಂದಿಯೆಲ್ಲ ಗಾದೆಯೊಳಗಿನ ಹಟಮಾರಿಗಳೇ ಆಗಿದ್ದೆವು. ಆ ರಾತ್ರಿ ಎದ್ದ ಪ್ರಶ್ನೆ ಸಣ್ಣದಲ್ಲವೆಂದು ತೋರಿದ್ದರಿಂದ ತಮ್ಮೆದುರು ಇಡುತ್ತಿದ್ದೇನೆ.

2024ರ ಮಾರ್ಚ್ ತಿಂಗಳು. ಅಕ್ಕಲಕೋಟೆ ತಾಲೂಕಿನ ನಮ್ಮ ಊರಲ್ಲಿ ಬಿಳಿಜೋಳದ ರಾಶಿ ಮುಗಿದು ಚೀಲಗಳು ಮನೆಗೆ ಬರುತ್ತಿದ್ದವು. ಪಡಸಾಲೆಯಲ್ಲಿ ಚೀಲ ಇಳಿಸುವಾಗ ನನ್ನ ಕೈಜಾರಿ ಒಂದು ಚೀಲ ಬಿತ್ತು. ಅದರ ಅಂಚಿನಡಿ ಮಗಳು ಸಾಕಿದ ಬಿಳಿ ಮೊಲದ ಬಲ ಹಿಂಗಾಲು ಸಿಕ್ಕಿತು. ಚೀಲ ಎತ್ತಿ ನೋಡಿದರೆ ಮೊಣಕಾಲಿನ ಕೆಳಗೆ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ಮೊಲ ಒಂದೇ ಸಲ ಚೀರಿತು. ಆಮೇಲೆ ಮೂಲೆಗೆ ಸರಿದು ಸುಮ್ಮನೆ ಕುಳಿತುಬಿಟ್ಟಿತು. 'ಸುಮ್ಮನಾಯಿತು, ನೋವು ಅಷ್ಟೇನೂ ಇರಲಿಕ್ಕಿಲ್ಲ' ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಅದು ನನ್ನ ಮೊದಲನೆಯ ತಪ್ಪು. ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ನೋವು ತೋರಿಸಿಕೊಂಡರೆ ನಾಯಿ, ನರಿಗಳ ಕಣ್ಣಿಗೆ ಬೀಳುತ್ತದೆಂದು ಅದರ ಹುಟ್ಟುಗುಣವೇ ನೋವನ್ನು ಮುಚ್ಚಿಡುತ್ತದೆ. ಹಲ್ಲನ್ನು ಕರಕರ ಮಸೆಯುವುದು, ಮೈ ಮುದುಡಿ ಕುಳಿತುಕೊಳ್ಳುವುದು, ಮೇವು ಬಿಡುವುದು, ಇವೇ ಅದರ ಅಳು. ಅದು ಆಗಲೇ ಅಳುತ್ತಿತ್ತು, ನಮಗೆ ಕೇಳಿಸಲಿಲ್ಲ ಅಷ್ಟೆ.

ಆ ರಾತ್ರಿ ಮನೆಯಲ್ಲಿ ಪಂಚಾಯತಿ ಕೂಡಿತು. ನಮ್ಮ ಕಾಕಾ ಅಂದರು: "ಮೂಕಪ್ರಾಣಿ ಒದ್ದಾಡಾಕ ಹತ್ತೇತಿ. ಒಂದ ಪೆಟ್ಟಿಗೆ ಮುಗಿಸಿಬಿಡು, ಪುಣ್ಯಾ ಬರತೈತಿ." ಅವ್ವ ತಡೆದಳು: "ಲಿಂಗವಂತರ ಮನ್ಯಾಗ ಕೊಲ್ಲೂ ಮಾತು ಆಡಬ್ಯಾಡ್ರಿ. ಹೊಲದಾಗ ಬಿಟ್ಟು ಬರ್ರಿ, ಅದರ ಹಣೇಬಾರದಾಗ ಇದ್ದಂಗ ಆಗಲಿ." ಮಗಳು ಬುಟ್ಟಿ ಬಿಟ್ಟು ಏಳಲಿಲ್ಲ. "ಅಪ್ಪಾ, ಡಾಕ್ಟರ ಕಡೆ ಒಯ್ಯೂಣು" ಅನ್ನುವುದೊಂದೇ ಅವಳ ಮಾತು. ನಾನು ಏನೂ ಅನ್ನಲಿಲ್ಲ. ವಾಣಿಜ್ಯ ಓದಿದವನು, ಲೆಕ್ಕ ಬರೆಯುವುದೇ ನನ್ನ ಕಾಯಕ. ಸೊಲ್ಲಾಪುರದ ಪೇಟೆಯಲ್ಲಿ 400 ರೂಪಾಯಿಗೆ ತಂದ ಮೊಲ, ಇನ್ನೊಂದು ತಂದರಾಯಿತು ಎಂಬ ಲೆಕ್ಕ ಮನಸ್ಸಿನಲ್ಲಿ ನಡೆದಿತ್ತು. ನಾಲ್ವರಲ್ಲಿ ಒಬ್ಬೊಬ್ಬರು ಹಿಡಿದ ಮೊಲಕ್ಕೂ ಒಂದೊಂದು ಲೆಕ್ಕದ ಕಾಲು. ಬುಟ್ಟಿಯಲ್ಲಿದ್ದ ಮೊಲವನ್ನು ಸರಿಯಾಗಿ ನೋಡುತ್ತಿದ್ದವಳು ಮಗಳೊಬ್ಬಳೇ.

ನಮ್ಮೂರ ಪಶುವೈದ್ಯರು ಪ್ರಾಮಾಣಿಕರು. "ಸೆಕ್ರೆಟರಿಯವರ, ನಾ ಎತ್ತು ಎಮ್ಮಿ ನೋಡಾಂವ. ಅಂದಾಜಿನ ಮ್ಯಾಲ ಮೊಲಕ್ಕ ಔಷಧ ಕೊಡೂದಿಲ್ಲರಿ. ಮುಂಜಾನೆ ಸೊಲ್ಲಾಪುರಕ್ಕ ಒಯ್ಯಿರಿ" ಎಂದು ಗಾಯಕ್ಕೆ ಸ್ವಚ್ಛ ಅರಿವೆ ಸುತ್ತಿ ಕಳಿಸಿದರು. ಗೊತ್ತಿಲ್ಲವೆಂದು ಹೇಳುವುದೂ ಒಂದು ಉಪಕಾರವೆಂದು ನನಗೆ ಮರುದಿನ ತಿಳಿಯಿತು. ಏಕೆಂದರೆ ಅಂದು ರಾತ್ರಿ ಮಗಳ ಕೆಮ್ಮಿಗೆಂದು ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಯಲ್ಲಿ ಅರ್ಧವನ್ನು ನೀರಲ್ಲಿ ಕಲಸಿ ಕುಡಿಸಲು ಹೊರಟಿದ್ದೆ. "ಕೇಳದ ಕೊಡಬ್ಯಾಡಪ್ಪಾ" ಎಂದು ಮಗಳು ನನ್ನ ಕೈ ಹಿಡಿದಳು. ಆ ಜಾತಿಯ ಔಷಧ ಬಾಯಿಂದ ಹೋದರೆ ಮೊಲದ ಕರುಳಿನಲ್ಲಿ ಮೇವು ಅರಗಿಸುವ ಸೂಕ್ಷ್ಮಜೀವಿಗಳೇ ಸತ್ತು, ಅದರ ಪ್ರಾಣಕ್ಕೇ ಸಂಚಕಾರ ಬರುತ್ತದೆಂದು ಸೊಲ್ಲಾಪುರದ ಡಾಕ್ಟರು ಹೇಳಿದಾಗ ನನ್ನ ಕೈ ನಡುಗಿತು. ಕನಿಕರ ನನ್ನಲ್ಲಿತ್ತು, ತಿಳಿವಳಿಕೆ ಇರಲಿಲ್ಲ. ತಿಳಿಯದ ಕನಿಕರ ಕೊಲೆಗೂ ಕಾರಣವಾಗಬಲ್ಲದು.

ಡಾಕ್ಟರು ಎಕ್ಸ್-ರೇ ತೆಗೆದು ತಾಳ್ಮೆಯಿಂದ ವಿವರಿಸಿದರು. ಮೊಲದ ಎಲುಬು ಬಹಳ ಹಗುರ. ಬೆಕ್ಕಿನ ಮೈತೂಕದಲ್ಲಿ ಎಲುಬಿನ ಪಾಲು ನೂರಕ್ಕೆ 12-13 ಇದ್ದರೆ ಮೊಲದಲ್ಲಿ 7-8 ಮಾತ್ರ. ಆದರೆ ಹಿಂಗಾಲಿನ ಸ್ನಾಯುಗಳ ಬಲ ಮಾತ್ರ ಅಪಾರ. ಹಿಂಭಾಗಕ್ಕೆ ಆಧಾರ ಕೊಡದೆ ಎತ್ತಿದರೆ ಒದೆಯುವ ಭರದಲ್ಲಿ ತನ್ನ ಬೆನ್ನೆಲುಬನ್ನೇ ಅದು ಮುರಿದುಕೊಳ್ಳಬಹುದು. ನಮ್ಮ ಮೊಲದ ಎಲುಬು ಚೂರುಚೂರಾಗಿ, ಗಾಯದೊಳಗೆ ಮಣ್ಣು ಸೇರಿತ್ತು. ಕೂಡಿಸುವಂತಿರಲಿಲ್ಲ. "ಎರಡೇ ದಾರಿ ಇವೆ. ಕಾಲು ತೆಗೆಯಬೇಕು, ಇಲ್ಲವೇ ನೋವಾಗದಂತೆ ಸೂಜಿ ಕೊಟ್ಟು ಮಲಗಿಸಬೇಕು. ಉಳಿದ ಮೂರು ಕಾಲು, ಬೆನ್ನು ಗಟ್ಟಿಯಾಗಿವೆ. ವಯಸ್ಸು ಚಿಕ್ಕದು. ಮೂರು ಕಾಲಲ್ಲಿ ಚೆನ್ನಾಗಿ ಬದುಕುವ ಮೊಲಗಳುಂಟು. ಆದರೆ ಆರೈಕೆ ನಿಮ್ಮದು. ಯಾವುದನ್ನು ಮಾಡಿದರೂ ಇವತ್ತೇ ಮಾಡಬೇಕು, ಹಾಗೇ ಇಡುವುದು ಮಾತ್ರ ಬೇಡ" ಎಂದರು.

ಈ ಕೊನೆಯ ಮಾತಿನಲ್ಲಿಯೇ ನನ್ನ ಲೇಖನದ ತಿರುಳಿದೆ.

ಬಾಂಧವರೇ, ಕೊಲ್ಲುವುದು ಪಾಪ, ಕಾಯುವುದು ಪುಣ್ಯ ಎಂದು ಎರಡೇ ಖಾನೆಗಳಲ್ಲಿ ನಾವು ಲೆಕ್ಕ ಬರೆಯುತ್ತೇವೆ. ಆದರೆ ನಮ್ಮ ಓಣಿಗಳಲ್ಲಿ ಹೆಚ್ಚಾಗಿ ನಡೆಯುವುದು ಇವೆರಡೂ ಅಲ್ಲದ ಮೂರನೆಯದು. ಕೊಲ್ಲುವುದಿಲ್ಲ, ಕಾಯುವುದೂ ಇಲ್ಲ. ಮೂಲೆಯಲ್ಲೋ ಹೊಲದಲ್ಲೋ ಬಿಟ್ಟು 'ತಾನಾಗಿ ಆಗಲಿ' ಎನ್ನುತ್ತೇವೆ. ಕೈಗೆ ರಕ್ತ ಹತ್ತಲಿಲ್ಲವಾದ್ದರಿಂದ ಅದನ್ನು ಅಹಿಂಸೆ ಎಂದು ಕರೆದುಕೊಳ್ಳುತ್ತೇವೆ. ಅವ್ವನ ಮಾತಿನಲ್ಲಿ ಭಕ್ತಿ ಇತ್ತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಮನೆಯ ಮೊಲ ಬೇರೆ, ಹೊಲದ ಮೊಲ ಬೇರೆ. ಸಾಕುವ ಬಿಳಿ ಮೊಲದ ಮೂಲ ಯುರೋಪಿನದು. ನಮ್ಮ ಕಾಡುಮೊಲವೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿ, ಅದನ್ನು ಹಿಡಿದು ಸಾಕುವಂತಿಲ್ಲ. ಮನೆಯಲ್ಲಿ ಬೆಳೆದ ಮೊಲ ಗಟ್ಟಿ ಕಾಲಿದ್ದರೂ ಹೊಲದಲ್ಲಿ ಬಹಳ ದಿನ ಉಳಿಯಲಾರದು. ಮುರಿದ ಕಾಲಿನದನ್ನು ಬಿಡುವುದೆಂದರೆ ಕೊಲ್ಲುವ ಕೆಲಸವನ್ನು ನಾಯಿಗೂ ಇರುವೆಗೂ ಗುತ್ತಿಗೆ ಕೊಟ್ಟಂತೆ. ಹಣೆಬರಹವೆಂದು ನಾವು ಅನ್ನುತ್ತೇವೆ, ಬರೆದ ಕೈ ನಮ್ಮದೇ.

ಈ ಪ್ರಶ್ನೆ ಹೊಸದೇನಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ಬೇನೆಯಿಂದ ನರಳುತ್ತಿತ್ತು. ಬದುಕುವ ಆಸೆಯಿಲ್ಲವೆಂದು ಖಾತ್ರಿಯಾದ ಮೇಲೆ ಗಾಂಧೀಜಿ ಸೂಜಿ ಕೊಡಿಸಿ ಅದರ ಪ್ರಾಣ ಬಿಡಿಸಿದರು. ಬಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲಿ ತಾವೇ ಬರೆದರು. ಅಹಿಂಸೆಯ ಉಪಾಸಕನೇ ಕರುವನ್ನು ಕೊಲ್ಲಿಸುವುದೇ ಎಂದು ಸಿಟ್ಟಿನ ಪತ್ರಗಳು ರಾಶಿಯಾಗಿ ಬಂದವು. ಅವಕ್ಕೂ ಅವರು ಉತ್ತರ ಬರೆದರು. ಸ್ವಾರ್ಥಕ್ಕಾಗಲಿ ಕೋಪಕ್ಕಾಗಲಿ ನೋಯಿಸುವುದು ಹಿಂಸೆ, ನೋವಿನಿಂದ ಬಿಡಿಸುವುದಕ್ಕಾಗಿ ಬೇರೆ ದಾರಿಯಿಲ್ಲದಾಗ ಮಾಡಿದ್ದು ಹಾಗಲ್ಲ ಎಂಬುದು ಅವರ ವಾದದ ಸಾರ. ಆ ವಾದವನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿ ಇರಬಹುದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಅವರು ಮೊದಲು ಶುಶ್ರೂಷೆ ಮಾಡಿಸಿ ಆಮೇಲೆ ಆ ನಿರ್ಧಾರಕ್ಕೆ ಬಂದರು. ಮತ್ತು ನಿರ್ಧಾರದ ಹೊಣೆಯನ್ನು ದೇವರ ಮೇಲೆ ಹೊರಿಸದೆ ತಾವೇ ಹೊತ್ತರು.

ನಮ್ಮ ದೇಶದ ಕಾನೂನೂ ಹೀಗೆಯೇ ಹೇಳುತ್ತದೆ. ಪ್ರಾಣಿಗಳನ್ನು ಇಟ್ಟುಕೊಂಡವನು ಅವುಗಳ ಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವು ತಪ್ಪಿಸಬೇಕು ಎಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಕಲಮು ಕರ್ತವ್ಯ ವಿಧಿಸಿದೆ. ಜೀವಂತ ಇಡುವುದೇ ಕ್ರೌರ್ಯವಾಗುವಂಥ ಸ್ಥಿತಿಯೂ ಉಂಟೆಂದು ಅದೇ ಕಾಯ್ದೆಯ 13ನೆಯ ಕಲಮು ಗುರುತಿಸಿದೆ. ಜೀವಿಗಳಲ್ಲಿ ಅನುಕಂಪ ತೋರುವುದು 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಕಾಯಲು ದಾರಿಯುಂಟು, ಬಿಡಿಸಲು ದಾರಿಯುಂಟು. ಬಿಟ್ಟು ಕೈತೊಳೆದುಕೊಳ್ಳಲು ಮಾತ್ರ ದಾರಿಯಿಲ್ಲ.

ಹಾಗಾದರೆ ನಮ್ಮ ಕಾಕಾ ಹೇಳಿದ್ದೇ ಸರಿಯೇ? ಪೂರ್ತಿ ಸರಿಯಲ್ಲ. ಅವರು ಮೊಲದ ನೋವನ್ನು ಕಂಡಿದ್ದರು, ಅದು ದೊಡ್ಡದು. ಆದರೆ ಬದುಕಬಲ್ಲುದೋ ಇಲ್ಲವೋ ಎಂದು ತಿಳಿದವರನ್ನು ಕೇಳುವ ಮೊದಲೇ ತೀರ್ಪು ಕೊಟ್ಟಿದ್ದರು. ನೋಡಲಾರದ ನಮ್ಮ ಸಂಕಟವನ್ನು ಮುಗಿಸಲು ಒಂದು ಜೀವವನ್ನು ಮುಗಿಸುವುದು ದಯೆಯಲ್ಲ. ಹಾಗೆಯೇ, ಅಗಲಲಾರದ ನಮ್ಮ ಮೋಹಕ್ಕಾಗಿ ನರಳುವ ಜೀವವನ್ನು ಎಳೆದಾಡಿಸುವುದೂ ದಯೆಯಲ್ಲ. ಇದನ್ನು ನಾನು ಮಗಳಿಗೂ ಹೇಳಿದೆ: "ಮೊಲ ಉಳಿಯೂದು ನಿನ್ನ ಸಲುವಾಗಿ ಅಲ್ಲವ್ವಾ, ಅದರ ಸಲುವಾಗಿ. ಅದಕ್ಕ ನೋವ ಹೆಚ್ಚಾತಂದ್ರ ನಾವು ಬಿಡೂದು ಕಲೀಬೇಕು." ಅವಳು ಬಹಳ ಹೊತ್ತು ಸುಮ್ಮನಿದ್ದು "ಹೂಂ" ಅಂದಳು.

ಕಾಲು ತೆಗೆಸಿದೆವು. ಲೆಕ್ಕ ಮುಚ್ಚಿಡುವುದಿಲ್ಲ. ಎಕ್ಸ್-ರೇಗೆ 500, ಶಸ್ತ್ರಕ್ರಿಯೆಗೆ 5,000, ಔಷಧ ಮತ್ತು ಮರುತಪಾಸಣೆಗೆ 1,800, ಒಟ್ಟು 7,300 ರೂಪಾಯಿ. 400 ರೂಪಾಯಿಯ ಮೊಲಕ್ಕೆ! "ಆ ರೊಕ್ಕದಾಗ ಬಡವರ ಹುಡುಗರಿಗೆ ಪುಸ್ತಕ ಕೊಡಸಬಹುದಿತ್ತಲ್ಲರೀ" ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಗೆ ಬಂದು ನನ್ನ ಹಳೆಯ ಜಮಾಖರ್ಚಿನ ವಹಿ ತೆಗೆದು ನೋಡಿದೆ. ಹಿಂದಿನ ವರ್ಷ ಇದ್ದ ಮೊಬೈಲು ನಡೆಯುತ್ತಿದ್ದಾಗಲೇ ಹೊಸದಕ್ಕೆ 14,000 ಕೊಟ್ಟಿದ್ದೆ. ಆಗ ಬಡ ಹುಡುಗರ ಪುಸ್ತಕ ಯಾರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಸುಖಕ್ಕೆ ಖರ್ಚು ಮಾಡುವಾಗ ಏಳದ ಪ್ರಶ್ನೆ ದಯೆಗೆ ಖರ್ಚು ಮಾಡುವಾಗಲೇ ಏಕೆ ಏಳಬೇಕು? ಅಲ್ಲದೆ ಇದು ದಾನವಲ್ಲ, ಸಾಲ ತೀರಿಸುವುದು. ಕಾಡಿನಲ್ಲಿ ತಾನೇ ಬದುಕುತ್ತಿದ್ದ ಪ್ರಾಣಿಯನ್ನು ನಮ್ಮ ಸಂತೋಷಕ್ಕೆಂದು ತಲೆತಲಾಂತರದಿಂದ ಪಂಜರದಲ್ಲಿ ಸಾಕಿ, ನಮ್ಮ ಹೊರತು ಬದುಕಲಾರದಂತೆ ಮಾಡಿದವರು ನಾವು. ಮೇಲಾಗಿ ಚೀಲ ಬೀಳಿಸಿದ ಕೈ ನನ್ನದು. ದೇಣಿಯನ್ನು ದಾನದ ಖಾತೆಗೆ ಬರೆಯುವುದು ಲೆಕ್ಕದ ರೀತಿಗೇ ವಿರುದ್ಧ.

ಆದರೆ ಎಲ್ಲರೂ 7,300 ಖರ್ಚು ಮಾಡಬೇಕೆಂದು ನಾನು ಹೇಳಲಾರೆ. ಕೂಲಿಯ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಅಂಥವರು ಡಾಕ್ಟರ ಕೈಯಿಂದ ನೋವಿಲ್ಲದೆ ಮಲಗಿಸಿದರೆ ಅವರನ್ನು ಪಾಪಿಗಳೆನ್ನುವ ಅಧಿಕಾರ ಯಾರಿಗೂ ಇಲ್ಲ. ಕೊನೆಯವರೆಗೂ ಹತ್ತಿರ ಕುಳಿತು ತಲೆ ಸವರಿದವನು ಹೊಲದಲ್ಲಿ ಬಿಟ್ಟು ಬಂದವನಿಗಿಂತ ಹೆಚ್ಚಿನ ದಯಾವಂತ.

ದಯೆ ಎಂಬುದು ಒಂದು ಹೊತ್ತಿನ ಕಣ್ಣೀರಲ್ಲ, ಅದು ದಿನದಿನದ ಕಾಯಕ ಎಂಬುದನ್ನು ಮುಂದಿನ ವಾರಗಳು ಕಲಿಸಿದವು. ಮೊಲಕ್ಕೆ ವಾಂತಿ ಮಾಡಿಕೊಳ್ಳಲು ಬಾರದು. ಅದರ ಕರುಳು ಸದಾ ನಡೆಯುತ್ತಿರಬೇಕು. ಅರ್ಧ ದಿನ ಮೇವು ಬಿಟ್ಟು ಹಿಕ್ಕೆ ನಿಂತರೂ ಜೀವಕ್ಕೆ ಅಪಾಯ. ಮೊದಲ ಮೂರು ದಿನ ಮೂರು ನಾಲ್ಕು ತಾಸಿಗೊಮ್ಮೆ, ನಡುರಾತ್ರಿಯೂ ಎದ್ದು, ಸೂಜಿಯಿಲ್ಲದ ಸಿರಿಂಜಿನಿಂದ ಮೇವಿನ ಗಂಜಿ ಕುಡಿಸಿದೆವು. ಡಾಕ್ಟರು ಬರೆದ ನೋವಿನ ಔಷಧವನ್ನು ಹನಿ ಎಣಿಸಿ ಕೊಟ್ಟೆವು. ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಬಾಯಿಂದ ತೆಗೆದುಕೊಂಡು ತಿನ್ನುತ್ತದೆ, ಅದರಿಂದಲೇ ಅದಕ್ಕೆ ಪೋಷಣೆ. ಬಗ್ಗಲಾರದ ಮೊಲಕ್ಕೆ ಅದು ಸಿಗದೆ ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ, ನೊಣ ಕುಳಿತು ಹುಳ ಬೀಳುತ್ತವೆ. ಅದನ್ನು ದಿನಕ್ಕೆ ಎರಡು ಸಲ ತೊಳೆದು ಒರೆಸಿದವಳು ಯಾರು ಬಲ್ಲಿರಾ? ಹೊಲದಲ್ಲಿ ಬಿಟ್ಟು ಬರ್ರಿ ಎಂದಿದ್ದ ನಮ್ಮ ಅವ್ವ. ಏಪ್ರಿಲ್ ಬಂದು ಸೊಲ್ಲಾಪುರ ಸೀಮೆಯ ಬಿಸಿಲು 40 ದಾಟಿದಾಗ, ಮೊಲಕ್ಕೆ ಸೆಕೆ ತಾಳದೆಂದು ಬುಟ್ಟಿಯ ಸುತ್ತ ಒದ್ದೆ ಗೋಣಿತಾಟು ಕಟ್ಟಿದವರು ನಮ್ಮ ಕಾಕಾ. ಎಂಟನೆಯ ದಿನ ಅದು ತಾನಾಗಿ ಕರಿಕೆ ಹುಲ್ಲನ್ನು ಕಡಿದು ತಿಂದಾಗ ಮನೆಯಲ್ಲಿ ಯಾರ ಗಾದೆಯೂ ಉಳಿದಿರಲಿಲ್ಲ.

ಈಗ ಅದು ಮೂರು ಕಾಲಲ್ಲಿ ಪಡಸಾಲೆಯ ತುಂಬ ಓಡಾಡುತ್ತದೆ. ನೆಲ ಜಾರದಂತೆ ಹಳೆಯ ಜಮಖಾನೆ ಹಾಸಿದ್ದೇವೆ. ಒಂದು ಕೊರತೆ ಮಾತ್ರ ಉಳಿಯಿತು. ಬಲ ಹಿಂಗಾಲು ಇಲ್ಲದ್ದರಿಂದ ಅದಕ್ಕೆ ತನ್ನ ಬಲಗಿವಿಯನ್ನು ಕೆರೆದುಕೊಳ್ಳಲು ಬಾರದು. ತುರಿಕೆ ಎದ್ದಾಗ ಇಲ್ಲದ ಕಾಲಿನ ಮೂಲ ಅಲುಗಾಡುತ್ತದೆ. ಅದನ್ನು ಕಂಡಾಗಲೆಲ್ಲ ಆ ಚೀಲ ನನಗೆ ನೆನಪಾಗುತ್ತದೆ. ಸಂಜೆ ಲೆಕ್ಕದ ವಹಿ ಮುಚ್ಚಿದ ಮೇಲೆ ಅದರ ಬಲಗಿವಿ ಒರೆಸಿ ತುರಿಸುವುದು ನನ್ನ ಪಾಲಿನ ಕೆಲಸ. ಆ ಬಾಕಿ ತೀರುವಂಥದ್ದಲ್ಲ, ಸಲ್ಲಿಸುತ್ತ ಹೋಗುವಂಥದ್ದು.

ತಮ್ಮ ಮನೆಯಲ್ಲೂ ಕಾಲು ಮುರಿದ ಕುರಿಮರಿ, ಮುದಿ ಎತ್ತು, ಗಾಯಗೊಂಡ ಬೆಕ್ಕು ಇರಬಹುದು. ಅಂಥ ದಿನ ಬಂದಾಗ ಮೊದಲು ಅದರ ಹತ್ತಿರ ಕುಳಿತು ನೋಡಿರಿ, ತಿಳಿದವರನ್ನು ಕೇಳಿರಿ, ಆಮೇಲೆ ಕಾಯುವುದೋ ಬಿಡಿಸುವುದೋ ನಿರ್ಧರಿಸಿರಿ. ಯಾವುದನ್ನು ಮಾಡಿದರೂ ನಿಮ್ಮ ಕೈಯಿಂದ, ನಿಮ್ಮ ಹೊಣೆಯಿಂದ ಮಾಡಿರಿ. ಇಷ್ಟೇ ನನ್ನ ವಿನಂತಿ.