ಸರಾಸರಿಯೂ ಇಚ್ಛಾಸ್ವಾತಂತ್ರ್ಯವೂ

ಯಾವ ಮನುಷ್ಯ ಎಂದು ಅಪರಾಧ ಮಾಡುತ್ತಾನೆಂದು ಮುಂಚಿತವಾಗಿ ಹೇಳಲಾಗದು. ಆದರೆ ಒಂದು ದೇಶದಲ್ಲಿ ವರ್ಷಕ್ಕೆ ನಡೆಯುವ ಅಪರಾಧಗಳ ಒಟ್ಟು ಲೆಕ್ಕ ಅಷ್ಟಾಗಿ ಏರುಪೇರಾಗುವುದಿಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟಲೆ 1835ರಲ್ಲಿ ಈ ಕ್ರಮಬದ್ಧತೆಯನ್ನು ಅಂಕಿಅಂಶಗಳ ಸಮೇತ ಮುಂದಿಟ್ಟಾಗ ದೇವತಾಶಾಸ್ತ್ರದ ಹಳೆಯ ತೊಡಕು ಸಂಖ್ಯಾಶಾಸ್ತ್ರದ ಅಂಗಳಕ್ಕೆ ಬಂತು: ಒಟ್ಟು ಮೊತ್ತ ಹೆಚ್ಚುಕಡಿಮೆ ಗೊತ್ತಾದದ್ದೇ ಆದರೆ ಪಾಪದ ಹೊಣೆ ಯಾರದು?

ರಷ್ಯಾದ ಪಾವೆಲ್ ನೆಕ್ರಾಸೊವ್ ಇದೇ ಕ್ರಮಬದ್ಧತೆಯನ್ನು ಇಚ್ಛಾಸ್ವಾತಂತ್ರ್ಯದ ಪರವಾಗಿ ತಿರುಗಿಸಿದರು. ಕ್ರೈಸ್ತ ಸೆಮಿನರಿಯಲ್ಲಿ ಓದಿ, ಗಣಿತದ ಪ್ರಾಧ್ಯಾಪಕರಾಗಿ, ಮಾಸ್ಕೋ ವಿಶ್ವವಿದ್ಯಾಲಯದ ರೆಕ್ಟರ್ ಆದವರು ಅವರು. ಅವರ ವಾದಕ್ಕೆ ಬುನಾದಿ ಯಾಕೋಬ್ ಬರ್ನೂಲಿಯ ಮರಣಾನಂತರ, 1713ರಲ್ಲಿ, ಪ್ರಕಟವಾದ ಬೃಹತ್ ಸಂಖ್ಯೆಗಳ ನಿಯಮ. ಒಂದರ ಫಲಿತಾಂಶ ಇನ್ನೊಂದನ್ನು ತಾಕದ ಪ್ರಯೋಗಗಳು ಹೆಚ್ಚಿದಷ್ಟೂ ಅವುಗಳ ಸರಾಸರಿ ಒಂದು ಸ್ಥಿರ ಬೆಲೆಯ ಸಮೀಪಕ್ಕೆ ಬರುತ್ತದೆ ಎಂಬುದು ಅದರ ಸಾರ. ಇಂಥ ಪರಸ್ಪರ ಸ್ವತಂತ್ರತೆ ಇಲ್ಲದೆ ನಿಯಮ ನಿಲ್ಲದು; ಅಪರಾಧಗಳ ಸರಾಸರಿ ಸ್ಥಿರವಾಗಿದೆ; ಆದ್ದರಿಂದ ಜನರ ಕೃತ್ಯಗಳು ಸ್ವತಂತ್ರ ಎಂದು ನೆಕ್ರಾಸೊವ್ 1902ರಲ್ಲಿ ವಾದಿಸಿದರು.

ಸೇಂಟ್ ಪೀಟರ್ಸ್‌ಬರ್ಗಿನ ಆಂದ್ರೇ ಮಾರ್ಕೋವ್‌ಗೆ ಇದು ಗಣಿತದ ದುರ್ಬಳಕೆಯಾಗಿ ಕಂಡಿತು. ಚರ್ಚಿನೊಡನೆ ಅವರಿಗೆ ಹೊಂದಿಕೆಯಿರಲಿಲ್ಲ. ಟಾಲ್‌ಸ್ಟಾಯ್‌ಗೆ ಬಿದ್ದ ಬಹಿಷ್ಕಾರವನ್ನು ಉಲ್ಲೇಖಿಸಿ, ತಮ್ಮನ್ನೂ ಬಹಿಷ್ಕರಿಸಿರೆಂದು 1912ರಲ್ಲಿ ಧರ್ಮಪರಿಷತ್ತಿಗೆ ಬರೆದವರು ಅವರು. ಆದರೆ ನೆಕ್ರಾಸೊವ್‌ಗೆ ಕೊಟ್ಟ ಉತ್ತರ ಶುದ್ಧ ಗಣಿತದ್ದು. ಪ್ರತಿ ಘಟನೆಯೂ ತನ್ನ ಹಿಂದಿನದನ್ನು ಅವಲಂಬಿಸಿರುವ ಸರಪಳಿಯಲ್ಲೂ ಸರಾಸರಿ ಸ್ಥಿರಗೊಳ್ಳಬಲ್ಲದೆಂದು ಅವರು 1906ರಲ್ಲಿ ಸಾಧಿಸಿದರು. ಸ್ಥಿರತೆಗೆ ಸ್ವತಂತ್ರತೆ ಸಾಕು, ಆದರೆ ಬೇಕೇಬೇಕೆಂದಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿ, ಬೆಂಕಿ ಕಂಡಲ್ಲೆಲ್ಲ ಹೊಗೆಯನ್ನು ಊಹಿಸುವುದು ತಪ್ಪೆಂದು ನೈಯಾಯಿಕರು ಹೇಳುವಂಥ ದೋಷ ನೆಕ್ರಾಸೊವ್ ವಾದದಲ್ಲಿತ್ತು.

1913ರಲ್ಲಿ ಮಾರ್ಕೋವ್ ಇದಕ್ಕೊಂದು ನಿದರ್ಶನ ಒದಗಿಸಿದರು. ಪುಷ್ಕಿನ್‌ನ ‘ಯೆವ್ಗೆನಿ ಒನೆಗಿನ್’ ಕಾವ್ಯದ ಮೊದಲ 20,000 ಅಕ್ಷರಗಳನ್ನು ಅವರು ಎಣಿಸಿದಾಗ ಸಿಕ್ಕಿದ್ದು 8,638 ಸ್ವರ, 11,362 ವ್ಯಂಜನ. ಎಂದರೆ ಸ್ವರಗಳ ಪಾಲು ಸುಮಾರು 43%. ಆದರೆ ಸ್ವರದ ಬೆನ್ನಿಗೇ ಮತ್ತೊಂದು ಸ್ವರ ಬಂದದ್ದು ಸುಮಾರು 13% ಸಲ. ವ್ಯಂಜನದ ನಂತರ ಸ್ವರ ಬಂದದ್ದು 66% ಸಲ. ಅಕ್ಷರಗಳು ಹೀಗೆ ಒಂದಕ್ಕೊಂದು ಕಟ್ಟುಬಿದ್ದಿದ್ದರೂ ಪಠ್ಯದುದ್ದಕ್ಕೂ ಅವುಗಳ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಇದರಿಂದ ಇಚ್ಛಾಸ್ವಾತಂತ್ರ್ಯ ಸುಳ್ಳೆಂದು ಸಿದ್ಧವಾಗಲಿಲ್ಲ. ಅದಕ್ಕೆ ಕೊಟ್ಟ ಒಂದು ಪುರಾವೆಯಷ್ಟೇ ಬಿದ್ದುಹೋಯಿತು. ನೆಕ್ರಾಸೊವ್ ವಾದದಲ್ಲಿ ಇನ್ನೊಂದು ಬಿರುಕೂ ಇತ್ತು. ಎರಡು ಕೃತ್ಯಗಳ ನಡುವೆ ಸಂಬಂಧವಿಲ್ಲವೆನ್ನುವುದು ಬೇರೆ, ಕರ್ತೃವಿಗೆ ಆಯ್ಕೆಯಿದೆಯೆನ್ನುವುದು ಬೇರೆ. ದಾಳದ ಎರಡು ಎಸೆತಗಳು ಪರಸ್ಪರ ಸ್ವತಂತ್ರ; ಹಾಗೆಂದು ದಾಳಕ್ಕೆ ಇಚ್ಛೆಯಿಲ್ಲ. ಇತ್ತ, ನೆರೆಯವನನ್ನು ನೋಡಿ ತೀರ್ಮಾನ ಬದಲಿಸುವವನ ನಡೆ ಗಣಿತದ ಅರ್ಥದಲ್ಲಿ ಅವಲಂಬಿತ, ಆದರೂ ತೀರ್ಮಾನ ಅವನದೇ.

ಭಾಷೆ, ವಂಶವಾಹಿ, ಹವಾಮಾನಗಳ ಸಂಶೋಧನೆಯಲ್ಲಿ ಮಾರ್ಕೋವ್ ಸರಪಳಿ ಇಂದು ನಿತ್ಯದ ಸಾಧನ. ಒಂದೇ ಸರಾಸರಿಯನ್ನು ಹಲವು ಬಗೆಯ ಕಾರಣಗಳು ಹುಟ್ಟಿಸಬಲ್ಲವಾದ್ದರಿಂದ, ಸರಾಸರಿಯೊಂದನ್ನೇ ಹಿಡಿದು ಕರ್ತೃವಿನ ಅಂತರಂಗವನ್ನು ನಿರ್ಣಯಿಸಲಾಗದೆಂಬುದು ಆ ವಿವಾದದಿಂದ ಉಳಿದ ತತ್ತ್ವ.