ದೇವಸನ್ನಿಧಿಯಲ್ಲಿ ಮೃಗಸಂಕುಲ

ಭಗವಂತನ ಮಂದಿರದಲ್ಲಿ ಮೃಗಗಳಿಗೇನು ಕೆಲಸ? 11ನೆಯ ಶತಮಾನದ ಮಧ್ಯಭಾಗದಲ್ಲಿ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿ ಎದ್ದುನಿಂತ ಅಣ್ಣಿಗೇರಿಯ ಅಮೃತೇಶ್ವರನ 76 ಕಂಬಗಳ ಗುಡಿಗಾಗಲಿ, ಕುಂದಗೋಳದ ಶಂಭುಲಿಂಗನ ಗುಡಿಗಾಗಲಿ, ಕಲಘಟಗಿ ಸೀಮೆಯ ತಂಬೂರಿನ ಬಸವಣ್ಣನ ಗುಡಿಗಾಗಲಿ ಕೈಮುಗಿಯಲು ಬರುವ ನಮ್ಮ ರೈತನಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ನಂದಿಯಿಲ್ಲದ ಶಿವಾಲಯವನ್ನು ಆತನು ಊಹಿಸಲಾರ. ಆದರೆ ರೂಢಿಯಿಂದ ಮರೆಯಾದ ಪ್ರಶ್ನೆ ಉತ್ತರ ಪಡೆದ ಪ್ರಶ್ನೆಯಲ್ಲ. ಗಣಿಯಿಂದ ತೆಗೆದಾಗ ಉಳಿಗೆ ಮೃದುವಾಗಿ ಮಣಿದು, ಗಾಳಿಬಿಸಿಲಿಗೆ ಮೈಯೊಡ್ಡಿದ ಮೇಲೆ ಗಡುಸಾಗುವ ಬಳಪದ ಕಲ್ಲಿನಲ್ಲಿ ಚಾಲುಕ್ಯ ಶಿಲ್ಪಿಗಳ ಪರಂಪರೆ ಮಕರ, ವ್ಯಾಲ, ಸಿಂಹ, ಹಂಸಗಳನ್ನು ಅಷ್ಟೊಂದು ಶ್ರದ್ಧೆಯಿಂದ ಬಿಡಿಸಿದುದು ಕೇವಲ ಕಣ್ಣಿನ ಸುಖಕ್ಕಾಗಿಯೇ, ಅಥವಾ ಅದರ ಹಿಂದೊಂದು ದರ್ಶನವಿದೆಯೇ ಎಂಬುದು ವಿಚಾರಾರ್ಹವಾದ ಸಂಗತಿ.

ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿದವನು ಫ್ರಾನ್ಸ್ ದೇಶದ ಕ್ರೈಸ್ತ ಸಂತ ಬರ್ನಾರ್ಡ್. ಸುಮಾರು 1125ರಲ್ಲಿ ಬರೆದ ಲೇಖನವೊಂದರಲ್ಲಿ ಆತನು, ಸಂನ್ಯಾಸಿಗಳು ಅಧ್ಯಯನ ಮಾಡುವ ಮೊಗಸಾಲೆಯ ಕಂಬಗಳ ಮೇಲೆ ಮಂಗ, ಸಿಂಹ, ಅರೆಮಾನವ ಜಂತುಗಳು, ಒಂದೇ ತಲೆಗೆ ಹಲವು ಒಡಲುಗಳನ್ನು ಜೋಡಿಸಿದ ವಿಕಾರಗಳು ಏತಕ್ಕೆಂದು ಗದರಿಸಿ ಕೇಳಿದನು. ಆತನ ಆಕ್ಷೇಪ ಎರಡು ಬಗೆಯದು: ಧರ್ಮಗ್ರಂಥವನ್ನೋದಬೇಕಾದ ಕಣ್ಣು ಕಲ್ಲನ್ನೋದುತ್ತ ಕಾಲ ಕಳೆಯುವುದೆಂಬುದು ಒಂದು, ಬಡವನು ಹಸಿದಿರುವಾಗ ಗೋಡೆಗೆ ಒಡವೆ ತೊಡಿಸುವುದು ಅಧರ್ಮವೆಂಬುದು ಇನ್ನೊಂದು. ಅದೇ ಶತಮಾನದಲ್ಲಿ, ಆತನ ಹೆಸರನ್ನೂ ಕೇಳದ ನಮ್ಮ ನಾಡಿನಲ್ಲಿ, ಬಸವಣ್ಣನವರು ದೇಹವೇ ದೇಗುಲವೆಂದು ಸಾರಿ, ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸ್ಥಾಪಿಸಿದರು. ಇಬ್ಬರ ಮಾರ್ಗಗಳು ಬೇರೆಯಾದರೂ ಇಬ್ಬರನ್ನೂ ನೋಯಿಸಿದ ಸಂಕಟವೊಂದೇ: ಕಲ್ಲು ಬೆಳೆಯುತ್ತ ಹೋದಂತೆ ಕರುಣೆ ಕುಗ್ಗಬಾರದು. ಶಿಲ್ಪವನ್ನು ಪ್ರೀತಿಸುವವರು ಈ ಮಾತನ್ನು ಲಘುವಾಗಿ ಎಣಿಸಿ ಮುಂದೆ ಸಾಗಲಾಗದು.

ಆದಾಗ್ಯೂ ಬರ್ನಾರ್ಡನು ಗೊಂದಲವನ್ನು ಕಂಡಲ್ಲಿ ನಮ್ಮ ಶಿಲ್ಪಿ ಬೋಧೆಯನ್ನಿರಿಸಿದನೆಂಬುದಕ್ಕೆ ಕೀರ್ತಿಮುಖವೇ ಸಾಕ್ಷಿ. ಸ್ಕಂದಪುರಾಣದ ಕಥೆಯಂತೆ, ಜಲಂಧರನೆಂಬ ಅಸುರನು ಪಾರ್ವತಿಯನ್ನು ಬೇಡಿ ರಾಹುವನ್ನು ದೂತನನ್ನಾಗಿ ಕಳುಹಿದಾಗ, ಶಿವನ ಹುಬ್ಬುಗಳ ನಡುವಿನಿಂದ ಸಿಂಹಮುಖದ, ಬತ್ತಿದ ಮೈಯ ಭೂತವೊಂದು ಹೊರನೆಗೆದು ರಾಹುವನ್ನೇ ನುಂಗಹೋಯಿತು. ರಾಹು ಶರಣಾದನು, ಶಿವನು ತಡೆದನು, ಹಸಿವು ಮಾತ್ರ ನಿಲ್ಲಲಿಲ್ಲ. ಏನನ್ನು ತಿನ್ನಲೆಂದು ಕೇಳಿದ ಭೂತಕ್ಕೆ ನಿನ್ನ ಮೈಯನ್ನೇ ತಿನ್ನೆಂದು ಅಪ್ಪಣೆಯಾಗಲು, ಅದು ಕೈಕಾಲು ಒಡಲುಗಳನ್ನೆಲ್ಲ ತಿಂದು ಮುಖವೊಂದಾಗಿ ಉಳಿಯಿತು. ಆಗ ಶಿವನು ಪ್ರಸನ್ನನಾಗಿ ಅದಕ್ಕೆ ಕೀರ್ತಿಮುಖನೆಂದು ಹೆಸರಿಟ್ಟು ತನ್ನ ಬಾಗಿಲಲ್ಲಿ ನಿಲ್ಲಿಸಿದನು. ಅದನ್ನು ಮೊದಲು ಪೂಜಿಸದೆ ಒಳಹೊಕ್ಕವನ ಅರ್ಚನೆ ವ್ಯರ್ಥವೆಂದನು. ಶಿಲ್ಪಿ ಕಡೆದ ಆ ಮುಖಕ್ಕೆ ಗುಂಡುಗಣ್ಣು, ಉಬ್ಬಿದ ಕೆನ್ನೆ, ಕೋರೆದಾಡೆ, ಕೆಳದವಡೆಯಿಲ್ಲದ ಬಾಯಿ. ಆ ಬಾಯಿಂದಲೇ ಹೊರಟು ಇಳಿಬಿದ್ದ ಹೂಬಳ್ಳಿ. ನುಂಗಲೆಂದೇ ಹುಟ್ಟಿದ ಬಾಯಿ ತನ್ನನ್ನು ತಾನು ನುಂಗಿದ ಮೇಲೆ ಹೂವನ್ನು ನೀಡುವ ಬಾಯಿಯಾಗುತ್ತದೆ. ಭಕ್ತನು ಬಾಗಿಲಲ್ಲಿ ಕಾಣುವುದು ಹೊರಗಣ ಮೃಗವನ್ನಲ್ಲ, ಒಳಗೆ ಹೋಗುವ ಮುನ್ನ ತಾನು ಅಡಗಿಸಬೇಕಾದ ತನ್ನದೇ ಹಸಿವನ್ನು.

ಇನ್ನೊಂದು ಬಗೆಯ ಮೃಗವಿದೆ. ಅದು ಬೋಧೆಯಲ್ಲ, ಋಣ. ಫ್ರಾನ್ಸಿನ ಲಾಂ ಎಂಬ ಊರಿನ ಮಹಾದೇವಾಲಯದ ಗೋಪುರಗಳ ತುದಿಯಿಂದ ಕಲ್ಲಿನ ಎತ್ತುಗಳು ಬಯಲನ್ನು ನೋಡುತ್ತ ನಿಂತಿವೆ. ಆ ಕಡಿದಾದ ಗುಡ್ಡಕ್ಕೆ ಕಲ್ಲು ಹೇರಿದ ಎತ್ತುಗಳ ಸ್ಮರಣೆಗಾಗಿ ಅವನ್ನು ನಿಲ್ಲಿಸಿದರೆಂದು ಪ್ರತೀತಿ. ಇದನ್ನು ಕೇಳಿದ ಧಾರವಾಡ ಸೀಮೆಯ ಒಕ್ಕಲಿಗನಿಗೆ ಆಶ್ಚರ್ಯವೇನೂ ಆಗದು. ಜ್ಯೇಷ್ಠದ ಅಮಾವಾಸ್ಯೆಯಂದು ಎರೆಮಣ್ಣನ್ನು ನಾದಿ ಜೋಡಿ ಎತ್ತುಗಳನ್ನು ಮಾಡಿ, ಮುಂದೆ ಗೋದಲಿಯಿಟ್ಟು, ದೇವರ ಜಗಲಿಯ ಮೇಲೆ ಕೂಡಿಸಿ ಹೋಳಿಗೆಯ ಎಡೆ ಹಿಡಿಯುವ ಮನೆಗಳು ನವಲಗುಂದ, ಅಣ್ಣಿಗೇರಿಗಳ ಸುತ್ತಲಿನ ಹಳ್ಳಿಹಳ್ಳಿಗಳಲ್ಲಿವೆ. ಗುಡಿಯ ನಂದಿಗೂ ಮನೆಯ ಮಣ್ಣೆತ್ತಿಗೂ ಅಂತರ ಶಿಲ್ಪಕೌಶಲದ್ದೇ ಹೊರತು ಭಾವದ್ದಲ್ಲ. ಅನ್ನವನ್ನು ಬೆಳೆದ ಹೆಗಲಿಗೆ ದೇವರ ಪಂಕ್ತಿಯಲ್ಲಿ ಸ್ಥಾನವುಂಟೆಂದು ಎರಡೂ ಹೇಳುತ್ತವೆ.

ಹಾಗಾದರೆ ಮೃಗರೂಪವನ್ನೇ ವರ್ಜಿಸುವ ಉಪಾಸನೆಯ ಗತಿಯೇನು? ಇದಕ್ಕೂ ನವಲಗುಂದದಲ್ಲೇ ಉದಾಹರಣೆ ದೊರೆಯುತ್ತದೆ. ಅಲ್ಲಿಯ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು ನೆಯ್ಯುವ ಜಮಖಾನೆಗಳಲ್ಲಿ ನವಿಲುಗಳು ಸಾಲುಗಟ್ಟಿ ನಿಲ್ಲುತ್ತವೆ; ಅದೇ ಕೈಗಳು ನಮಾಜಿಗಾಗಿ ಜಾನಮಾಜನ್ನು ನೆಯ್ಯುವಾಗ ನವಿಲು ಹಿಂದೆ ಸರಿದು, ಮಸೀದಿಯ ಕಮಾನೊಂದೇ ಉಳಿಯುತ್ತದೆ. ಮೇಲುನೋಟಕ್ಕೆ ಇದು ನಮ್ಮ ಗುಡಿಯ ಸಂಪ್ರದಾಯಕ್ಕೆ ನೇರ ವಿರುದ್ಧ. ಸೂಕ್ಷ್ಮವಾಗಿ ನೋಡಿದರೆ ಆ ಹಾಸಿನಿಂದ ಹಿಂದೆ ಸರಿದುದು ಮೃಗವೊಂದೇ ಅಲ್ಲ, ಮನುಷ್ಯರೂಪವೂ ಸರಿದಿದೆ. ಗುಡಿ ಸಕಲ ಪ್ರಾಣಿಗಳನ್ನೂ ಒಳಗೆ ಕರೆದುಕೊಂಡು ಮನುಷ್ಯನನ್ನು ಅವುಗಳಲ್ಲೊಬ್ಬನನ್ನಾಗಿಸುತ್ತದೆ. ಜಾನಮಾಜು ಎಲ್ಲ ರೂಪಗಳನ್ನೂ ಬದಿಗಿರಿಸಿ ಮನುಷ್ಯನ ರೂಪಕ್ಕೂ ಅದೇ ನಿಯಮವನ್ನು ಅನ್ವಯಿಸುತ್ತದೆ. ಪೂರ್ಣದಿಂದಾಗಲಿ ಶೂನ್ಯದಿಂದಾಗಲಿ ಸಾಧಿತವಾಗುವುದು ಮನುಷ್ಯನ ಗರ್ವಭಂಗವೇ.

ಆದುದರಿಂದ ಭಯಪಡಬೇಕಾದುದು ಮೃಗಗಳಿಂದ ತುಂಬಿದ ದೇವಾಲಯಕ್ಕೂ ಅಲ್ಲ, ರೂಪಗಳೇ ಇಲ್ಲದ ಪ್ರಾರ್ಥನಾಸ್ಥಾನಕ್ಕೂ ಅಲ್ಲ. ಇತರ ಜೀವಗಳನ್ನೆಲ್ಲ ಹೊರಗಟ್ಟಿ ಮನುಷ್ಯನೊಬ್ಬನೇ ತನ್ನ ಪ್ರತಿಬಿಂಬವನ್ನು ಕೂಡಿಸಿಕೊಂಡು, ಅದನ್ನೇ ದೇವರೆಂದು ಕರೆಯುವ ಮಂದಿರಕ್ಕೆ. ಬರ್ನಾರ್ಡನ ಎಚ್ಚರಿಕೆಯನ್ನು ನಾವು ಮರೆಯದಿರೋಣ: ಹಸಿದವನನ್ನು ಕಡೆಗಣಿಸಿದ ಶಿಲ್ಪವೈಭವ ಪೂಜೆಯಾಗದು. ಅದಕ್ಕೆ ನಮ್ಮ ಶಿಲ್ಪಿಯ ಮಾತನ್ನೂ ಸೇರಿಸಿಕೊಳ್ಳೋಣ: ಆ ಹಸಿದವನು ಎರಡು ಕಾಲಿನವನೇ ಆಗಿರಬೇಕೆಂಬ ನಿಯಮವನ್ನು ಯಾವ ದೇವರೂ ವಿಧಿಸಿಲ್ಲ.